ಜೋಶಿಮಠದಲ್ಲಿ ಬಿಟ್ಟುಬಂದ ಗಾಯತ್ರಿಬಾಯಿ

ಹೊಸಪೇಟೆ
೧೧ ಮಾರ್ಚ್ ೨೦೨೪, ಸೋಮವಾರ

ಪ್ರೀತಿಯ ಗಾಳೆಮ್ಮ,

ನಾನು ಇಲ್ಲಿ ಕ್ಷೇಮ, ನೀನು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಹೊರಟು ನಿಲ್ಲಿಸಿದೆ. ನೀನು ಕ್ಷೇಮವಾಗಿಲ್ಲ ಎಂದು ನನಗೆ ಗೊತ್ತು. ಎರಡು ವಾರ ಕೆಮ್ಮಿದ್ದೀಯಂತೆ. ನನಗೂ ಅಂಥ ಕ್ಷೇಮವೇನಿಲ್ಲ, ಎಡಗಾಲಿನ ಹೆಬ್ಬೆರಳು ಆ ಚಳಿಗೆ ಜೋಮು ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಅದನ್ನು ಹೇಳಿ ನಿನ್ನಿಂದ ಅಯ್ಯೋ ಎನಿಸಿಕೊಳ್ಳುವ ಯೋಗ್ಯತೆ ಈಗ ನನಗಿಲ್ಲ, ಬಿಡು.

ಐದು ವಾರ ತಡಮಾಡಿದ್ದಕ್ಕೆ ಕ್ಷಮಿಸು ಎಂದು ಕೇಳಬೇಕು. ನಿಜ ಹೇಳುತ್ತೇನೆ, ನೀನೇ ಮೊದಲು ಮಾತಾಡಲಿ ಎಂದು ಕೂತಿದ್ದೆ. ಇಪ್ಪತ್ತು ಸಲ ಫೋನು ಮಾಡಿದೆನಲ್ಲ, ಇನ್ನೇನು ಮಾಡಬೇಕು ಎಂಬ ಸೊಕ್ಕು. ಮೊದಮೊದಲು ರಿಂಗಾಗುತ್ತಿತ್ತು, ಈಗ ಅದೂ ಇಲ್ಲ. ಕಳೆದ ಗುರುವಾರ ನಿನ್ನ ಮಗಳು ಪಲ್ಲವಿಯೇ ಫೋನು ಮಾಡಿದಳು. ‘ಆಂಟಿ, ಅವ್ವ ಏನೂ ಬಾಯಿ ಬಿಡವಲ್ಲಳು. ಹಿಮ ನೋಡಿ ಬರ್ತೀನಿ ಅಂತ ಹೋದಾಕಿ ಒಬ್ಬಾಕೀನ ಜ್ವರ ಹೊತ್ಕೊಂಡು ಬಂದಾಳ. ಏನ್ ನಡೀತು ಅಂತ ನೀವರ ಹೇಳ್ರಿ’ ಎಂದಳು. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ, ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ತಪ್ಪಿಸಿಕೊಳ್ಳುತ್ತಿದ್ದೆ.

ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ. ನೀನು ಓದದಿದ್ದರೆ ಪಲ್ಲವಿ ಓದಲಿ. ನೀನೇ ಓದಿದರೆ, ನಿನಗೆ ಗೊತ್ತಿರುವುದನ್ನೇ ಮತ್ತೆ ಓದಿಸುತ್ತಿದ್ದೇನೆಂದು ಬೈದುಕೋ.

ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ನಾವಿಬ್ಬರೂ ಇಪ್ಪತ್ತೈದು ವರ್ಷ ಅಕ್ಕಪಕ್ಕದ ಮೇಜಿನಲ್ಲಿ ಕೂತವರು. ನಿನ್ನ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ನನ್ನ ಹೊಟ್ಟೆಗೆ, ನನ್ನ ಗೊಜ್ಜವಲಕ್ಕಿ ನಿನ್ನ ಹೊಟ್ಟೆಗೆ. ನೀನು ನನಗಿಂತ ಎರಡೇ ವರ್ಷ ಚಿಕ್ಕವಳು. ಆದರೂ ನೀನು ನನಗೆ ‘ರೀ’ ಹಚ್ಚಿ ಮಾತಾಡಿದೆ, ನಾನು ನಿನಗೆ ‘ನೀನು’ ಎಂದೆ. ಇದನ್ನು ಇಬ್ಬರೂ ಗಮನಿಸಿಲ್ಲ ಎಂದುಕೊಂಡಿದ್ದೆ. ಗಮನಿಸದವಳು ನಾನೊಬ್ಬಳೇ ಇರಬೇಕು.

ನಿನ್ನ ಮೇಜಿನ ಗಾಜಿನ ಕೆಳಗೆ ಯಾವುದೋ ಕ್ಯಾಲೆಂಡರಿನ ಜನವರಿ ಪುಟ ಇತ್ತಲ್ಲ, ಹಿಮದ ಬೆಟ್ಟ, ಕೆಳಗೆ ಸಣ್ಣಕ್ಷರದಲ್ಲಿ ‘ಔಲಿ’ ಎಂದು. ವರ್ಷಗಳು ಹೋದವು, ಮೂರು ಜನ ಎಂಜಿನಿಯರುಗಳು ವರ್ಗವಾಗಿ ಹೋದರು, ಆ ಜನವರಿ ಮಾತ್ರ ಹೋಗಲಿಲ್ಲ. ‘ನಮ್ಮ ಸಂಡೂರ ಕಡಿ ಅದಿರಿನ ಧೂಳಿಗೆ ಕಾಗಿನೂ ಕೆಂಪಗಿರ್ತೈತ್ರೀ ಅಕ್ಕಾ. ಹಿಂಗ ಎಲ್ಲಾ ಬೆಳ್ಳಗ ಇರೋ ಜಾಗ ಒಮ್ಮೆರ ನೋಡಬೇಕು’ ಎನ್ನುತ್ತಿದ್ದೆ. ಬಂಡ್ರಿಯಿಂದ ನಿಮ್ಮವ್ವ ಗಣಿಗೆ ಹೋಗಿ ಬುಟ್ಟಿಯಲ್ಲಿ ಅದಿರು ಹೊತ್ತದ್ದು, ಒಗೆದು ಹಾಕಿದ ಸೀರೆ ಒಣಗುವಷ್ಟರಲ್ಲಿ ಮತ್ತೆ ಕೆಂಪಾಗುತ್ತಿದ್ದದ್ದು, ಎಲ್ಲ ಹೇಳಿದ್ದೆ. ನನಗೆ ಹಿಮದ ಆಸೆ ಯಾವತ್ತೂ ಇರಲಿಲ್ಲ. ಫ್ರಿಜ್ಜಿನಲ್ಲಿ ಕಟ್ಟುವ ಐಸು ಕೆರೆಯುವುದೇ ನನಗೆ ಬೇಸರ. ನಮ್ಮಿಬ್ಬರ ಪ್ರವಾಸವೆಂದರೆ ಹಂಪಿ, ಅದೂ ಬೆಂಗಳೂರಿನ ಅಧಿಕಾರಿಗಳ ಹೆಂಡಂದಿರಿಗೆ ಕಲ್ಲಿನ ರಥ ತೋರಿಸಲು. ಆದರೂ ‘ನೀನು ರಿಟೈರ್ ಆಗು, ಔಲಿಗೆ ಹೋಗೋಣ’ ಎಂದು ಮಾತು ಕೊಟ್ಟವಳು ನಾನೇ.

ನನ್ನ ಅಣ್ಣನ ಮಗ ಪ್ರಾಣೇಶ ವರ್ಷಕ್ಕೊಮ್ಮೆ ನಮ್ಮ ಸಮಾಜದವರನ್ನು ಪ್ರವಾಸಕ್ಕೆ ಕರೆದೊಯ್ಯುತ್ತಾನೆ. ಅಡುಗೆಯ ಆಚಾರ್ಯರು, ಪಾತ್ರೆ ಪಡಗ, ಅಕ್ಕಿ ಬೇಳೆ ಎಲ್ಲ ಜೊತೆಗೇ ಬರುತ್ತದೆ. ಬೆಳಿಗ್ಗೆ ಸಂಕಲ್ಪ, ಮಧ್ಯಾಹ್ನ ಪಂಕ್ತಿ ಊಟ. ಈ ಸಲ ಹರಿದ್ವಾರ, ಜೋಶಿಮಠದ ನರಸಿಂಹ, ಅಲ್ಲಿಂದ ಮೇಲೆ ಔಲಿಯಲ್ಲಿ ಎರಡು ದಿನ ಹಿಮ ಎಂದ. ಅಂದೇ ನಿನಗೆ ಫೋನು ಮಾಡಿದೆ. ‘ಖರೇನ್ರೀ ಅಕ್ಕಾ?’ ಎಂದು ನೀನು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಮರುದಿನವೇ ನೀನು ಹೊಸಪೇಟೆಗೆ ಬಂದು ಇಬ್ಬರಿಗೂ ಉಣ್ಣೆಯ ಕಾಲುಚೀಲ ಕೊಂಡೆ.

ಪ್ರಾಣೇಶನ ಫಾರಂ ಇಬ್ಬರದ್ದೂ ನಾನೇ ತುಂಬಿದೆ. ಹೆಸರು, ವಯಸ್ಸು, ಗೋತ್ರ, ನಕ್ಷತ್ರ. ನಿನ್ನ ಗೋತ್ರದ ಖಾನೆಗೆ ಬಂದಾಗ ಕೈ ನಿಂತಿತು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಎನ್ನುವ ರೂಢಿ ನಮ್ಮಲ್ಲಿದೆ, ಕಾಶ್ಯಪ ಎಂದು ಬರೆದೆ. ಬರೆದ ಮೇಲೆ ಮೇಲಿನ ಖಾನೆ ಕಣ್ಣಿಗೆ ಚುಚ್ಚಿತು. ಗಾಳೆಮ್ಮ, ಕಾಶ್ಯಪ ಗೋತ್ರ ಎಂದರೆ ಯಾರು ನಂಬುತ್ತಾರೆ? ವೈಟ್ನರ್ ಹಚ್ಚಿ, ಊದಿ ಒಣಗಿಸಿ, ಅದರ ಮೇಲೆ ಗಾಯತ್ರಿಬಾಯಿ ಎಂದು ಬರೆದೆ. ಮೂವತ್ತು ವರ್ಷ ಫೈಲು ತಿದ್ದಿದ ಕೈ, ಗುರುತೇ ಸಿಗಲಿಲ್ಲ.

ನಿನ್ನನ್ನು ಕರೆತರಬೇಡ ಎಂದು ಪ್ರಾಣೇಶ ಹೇಳಿದನೇ? ಇಲ್ಲ. ಕರೆತರಲೇ ಎಂದು ನಾನು ಕೇಳಿದೆನೇ? ಅದೂ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕಳ್ಳ ಎಂದು ಯಾರೂ ಕೂಗಿರಲೇ ಇಲ್ಲ.

ನಿನ್ನ ಹೆಸರಿನ ವಿಷಯ ನನಗೆ ಗೊತ್ತಿಲ್ಲದ್ದೂ ಅಲ್ಲ. ನೀನು ಕೆಲಸಕ್ಕೆ ಸೇರಿದ ವರ್ಷ ಮ್ಯಾನೇಜರು ‘ಗೀತಾ ಅಂತ ಅಫಿಡವಿಟ್ ಮಾಡಿಸಿಬಿಡಮ್ಮ, ಕರೆಯೋಕೆ ಸಲೀಸು’ ಎಂದಾಗ, ‘ನಮ್ಮವ್ವ ಇಟ್ಟ ಹೆಸರ್ರೀ ಸರ್. ಕರಿಯಾಕ ತ್ರಾಸಾದ್ರ ಬೆಲ್ ಒತ್ರಿ, ಬರ್ತೀನಿ’ ಎಂದಿದ್ದೆ. ಇಡೀ ಕಚೇರಿ ನಕ್ಕಿತು, ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ನಾಗಪುರಕ್ಕೆ ಹೋಗಿ ಬುದ್ಧನ ದೀಕ್ಷೆ ತೆಗೆದುಕೊಂಡು ಬಂದಾಗಲೂ ಆ ಹೆಸರು ಬಿಡಲಿಲ್ಲ ನೀನು. ಇಷ್ಟೆಲ್ಲ ಗೊತ್ತಿದ್ದೂ ವೈಟ್ನರ್ ಹಚ್ಚಿದೆ.

ಜನವರಿ ಇಪ್ಪತ್ತೈದಕ್ಕೆ ಹೊರಟೆವು. ಗುಂತಕಲ್ಲಿನಲ್ಲಿ ದೆಹಲಿ ರೈಲು ಹತ್ತಿ, ಸಾಮಾನು ಜೋಡಿಸಿ ಕೂತ ಮೇಲೆ ಪ್ರಾಣೇಶ ಪಟ್ಟಿ ಹಿಡಿದು ಅವಲಕ್ಕಿ ಪೊಟ್ಟಣ ಹಂಚುತ್ತ ಬಂದ. ‘ಗಾಯತ್ರಿಬಾಯಿ’ ಎಂದ. ಯಾರೂ ಓಗೊಡಲಿಲ್ಲ. ಮತ್ತೆ ಕೂಗಿದ. ನೀನು ನನ್ನ ಕಿವಿಯಲ್ಲಿ, ‘ಪಾಪ, ಯಾರ್ರೀ ಅಕ್ಕಾ ಅದು, ರೈಲು ತಪ್ಪಿಸ್ಕೊಂಡಾರೇನು?’ ಎಂದೆ.

‘ಮೆಲ್ಲಗ ಮಾತಾಡು. ಅದು ನೀನ.’

ನೀನು ಮೊದಲು ನಕ್ಕೆ, ಚೇಷ್ಟೆ ಎಂದುಕೊಂಡಿರಬೇಕು. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು. ‘ನನ್ನನ್ನ ಒಂದ್ ಮಾತು ಕೇಳಬೇಕಿತ್ರೀ’ ಎಂದೆ. ಚೀಲ ಮಡಿಲಿಗೆ ಎಳೆದುಕೊಂಡು, ‘ಸೊಲ್ಲಾಪುರ ಬಂದ್ರ ಇಳಿದು ವಾಪಸ್ ಹೋಕ್ಕೀನಿ’ ಎಂದೆ. ನಾನು ನಿನ್ನ ಕೈ ಹಿಡಿದು, ‘ಹತ್ತ ದಿನ. ನಿನ್ನ ಹಿಮದ ಸಲುವಾಗಿ’ ಎಂದೆ. ನಿನ್ನ ಹಿಮದ ಸಲುವಾಗಿ ಎಂದೆ ನೋಡು, ನಾಚಿಕೆಗೆಟ್ಟವಳು. ಸೊಲ್ಲಾಪುರ ಬಂತು, ಹೋಯಿತು. ನೀನು ಚೀಲದ ಜಿಪ್ಪು ಎಳೆಯುತ್ತ, ಬಿಡುತ್ತ ಕೂತಿದ್ದೆ.

ಒಂದು ಸುಳ್ಳಿಗೆ ಹತ್ತು ಸುಳ್ಳು ಬೇಕು ಎನ್ನುವುದು ಸುಮ್ಮನೆ ಅಲ್ಲ. ಎದುರು ಸೀಟಿನ ಪ್ರಿಯಂವದಾಬಾಯಿ, ಹೆಡ್ಮೇಡಂ ಆಗಿ ನಿವೃತ್ತರಾದವರು, ‘ನಿಮ್ಮ ತವರು ಯಾವೂರ್ರೀ ಗಾಯತ್ರಿಬಾಯಿ?’ ಎಂದರು. ನೀನು ಬಾಯಿ ತೆರೆಯುವ ಮೊದಲೇ ನಾನು ಕಂಪ್ಲಿ ಎಂದೆ. ಜಗತ್ತಿನಲ್ಲಿ ಬೇರೆ ಊರೇ ಸಿಗಲಿಲ್ಲ ನನಗೆ. ‘ಅಯ್ಯ, ನಮ್ಮೂರ! ಯಾರ ಪೈಕಿ? ಕಂಪ್ಲಿಯೊಳಗ ನನಗ ಗೊತ್ತಿಲ್ಲದ ಮನಿ ಯಾವುದದ?’ ಎಂದು ಅವರು ಮುಂದಕ್ಕೆ ಬಾಗಿ ಕೂತರು. ಭಾಳ ವರ್ಷದ ಹಿಂದೆ ಊರು ಬಿಟ್ಟವರು ಎಂದು ಏನೋ ಹೇಳಿದೆ. ಅಲ್ಲಿಂದ ಅವರ ಕಣ್ಣು ನಿನ್ನನ್ನು ಬಿಡಲಿಲ್ಲ, ನೀನು ಹೇಗೆ ಉಣ್ಣುತ್ತೀ, ಹೇಗೆ ನೀರು ಕುಡಿಯುತ್ತೀ ಎಂದು.

ಝಾನ್ಸಿ ದಾಟಿದ ಮೇಲೆ ಮಂಜು. ರೈಲು ಹದಿಮೂರು ಗಂಟೆ ತಡ. ಯಾವುದೋ ಸಣ್ಣ ನಿಲ್ದಾಣದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತೇ ಇತ್ತು. ಕಿಟಕಿಯಾಚೆ ಪ್ಲಾಟ್‌ಫಾರ್ಮೇ ಕಾಣುತ್ತಿರಲಿಲ್ಲ. ‘ಹಿಮ ಅಂದ್ರ ಹಿಂಗ ಇರ್ತೈತೇನ್ರೀ?’ ಎಂದು ಕೇಳಿದೆ ನೀನು. ಎರಡು ದಿನದಲ್ಲಿ ನೀನಾಗಿ ಆಡಿದ ಮೊದಲ ಮಾತು. ಆಮೇಲೆ ನಿಮ್ಮಜ್ಜಿಯ ಊರಿನ ಹೊರಬೀಡಿನ ಕಥೆ ಹೇಳಿದೆ. ಆ ದಿನ ಊರಿಗೆ ಊರೇ ಮನೆ ಬಿಟ್ಟು ಹೊಲಕ್ಕೆ ಹೋಗಿ, ಅಲ್ಲೇ ಅಡುಗೆ ಮಾಡಿ ಉಂಡು ಸಂಜೆಗೆ ವಾಪಸಾಗುತ್ತಿತ್ತಂತೆ. ಊರಬಾಗಿಲಿಗೆ ಮುಳ್ಳು ಹಚ್ಚುವ ಮೊದಲು ಮನೆಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗುತ್ತಿದ್ದರಂತೆ. ಹಾಸಿಗೆ ಹಿಡಿದವರನ್ನೂ ಹೊರಸಿನ ಮೇಲೆ ಹೊತ್ತು ತರಬೇಕು, ಕೋಳಿ ನಾಯಿ ಕೂಡ ಒಳಗೆ ಉಳಿಯಬಾರದು. ‘ನಮ್ಮ ಕೇರಿಗೆ ಕಡೀಗೆ ಬರ್ತಿದ್ರ್ರೀ ಅಕ್ಕಾ. ಕಡೀಗಾದ್ರೂ ಬರ್ತಿದ್ರು, ಹೆಸರು ಕೂಗ್ತಿದ್ರು. ಒಬ್ಬರನ್ನೂ ಬಿಟ್ಟು ಮುಳ್ಳು ಹಚ್ತಿರ್ಲಿಲ್ಲ.’

ಅದಕ್ಕೆ ನಾನೇನಂದೆ ನೆನಪಿದೆಯೇ? ‘ಕೇರಿ ಅನ್ನಬ್ಯಾಡ, ಪ್ರಿಯಂವದಾಬಾಯಿ ಎಚ್ಚರ ಇದ್ದಾರ’ ಎಂದೆ. ನೀನು ಮಫ್ಲರಿನಿಂದ ಬಾಯಿ ಮುಚ್ಚಿಕೊಂಡು ದೆಹಲಿಯವರೆಗೂ ಕಿಟಕಿ ನೋಡುತ್ತ ಕೂತೆ.

ಹರಿದ್ವಾರದ ಗಂಗೆ ಕಾಲಿಟ್ಟರೆ ಕಡಿಯುವಂತಿತ್ತು. ಪ್ರಾಣೇಶ ಎಲ್ಲರ ಅಂಗೈಗೆ ನೀರು ಹಾಕಿ ಸಂಕಲ್ಪ ಮಾಡಿಸಿದ. ಕಾಶ್ಯಪ ಗೋತ್ರದ ಗಾಯತ್ರಿಯ ಸರದಿ ಬಂದಾಗ ನೀರು ಬಿಡಬೇಕಾದ ನೀನು ಗಟಕ್ಕನೆ ಕುಡಿದುಬಿಟ್ಟೆ. ‘ಬಾಯಿ ಒಣಗಿತ್ರೀ’ ಎಂದೆ. ನನಗೆ ಸಿಟ್ಟು ಬಂತು. ಈಗ ನೆನೆದರೆ ಇಡೀ ಪ್ರವಾಸದಲ್ಲಿ ನಡೆದ ಒಂದೇ ಒಂದು ಸರಿ ಕೆಲಸ ಅದು.

ಋಷಿಕೇಶದಿಂದ ಮೇಲಿನ ದಾರಿಯನ್ನು ಪಲ್ಲವಿಗಾಗಿ ಬರೆಯುತ್ತೇನೆ, ಏಕೆಂದರೆ ನೀನು ಅವಳಿಗೆ ಹೇಳಿರುವುದಿಲ್ಲ. ಪಲ್ಲವಿ, ಆ ದಾರಿಯ ಒಂದೊಂದು ತಿರುವಿಗೂ ನಾನು ವಾಂತಿ ಮಾಡಿದೆ. ನನ್ನ ಸಮಾಜದವರು, ನನ್ನ ನೆಂಟರು, ಎಲ್ಲರೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಆಚೆ ಸರಿದರು. ಪ್ಲಾಸ್ಟಿಕ್ ಚೀಲ ನನ್ನ ಬಾಯಿಗೆ ಹಿಡಿದವಳು ನಿಮ್ಮವ್ವ. ಬಾಯಿ ಒರೆಸಿದವಳು ನಿಮ್ಮವ್ವ. ಒಂದು ಕಡೆ ಗುಡ್ಡ ಕುಸಿದು ಐದು ಗಂಟೆ ನಿಂತೆವು, ನನ್ನ ಕಾಲುಚೀಲ ಒದ್ದೆಯಾಗಿತ್ತು. ತನ್ನದನ್ನು ಬಿಚ್ಚಿ ನನ್ನ ಕಾಲಿಗೆ ಹಾಕಿ, ತಾನು ಬರಿಗಾಲಿಗೆ ಟವೆಲ್ಲು ಸುತ್ತಿಕೊಂಡಳು.

ಪೀಪಲ್‌ಕೋಟಿಯ ಲಾಡ್ಜಿನಲ್ಲಿ ಒಂದು ದಿನ ಸಿಕ್ಕಿಬಿದ್ದೆವು. ಮೇಲೆ ಹಿಮ, ಇಲ್ಲಿ ಆಲಿಕಲ್ಲು, ಕರೆಂಟಿಲ್ಲ. ಆ ಚಳಿಯಲ್ಲೂ ತಣ್ಣೀರು ಸ್ನಾನ ಮಾಡಿಯೇ ಒಲೆ ಹಚ್ಚುತ್ತೇನೆಂದು ಹಟ ಹಿಡಿದ ಆಚಾರ್ಯರು ಜ್ವರದಿಂದ ಮಲಗಿದರು. ಹದಿನಾಲ್ಕು ಜನರ ಹೊಟ್ಟೆ ಚುರುಗುಟ್ಟುತ್ತಿತ್ತು, ಯಾವ ಹೆಂಗಸೂ ರಜಾಯಿಯಿಂದ ಹೊರಗೆ ಬರಲಿಲ್ಲ. ನೀನು ಎದ್ದು ಹೋಗಿ ಹುಗ್ಗಿ ಮಾಡಿದೆ, ಮೇಲೆ ಒಣಮೆಣಸಿನ ಒಗ್ಗರಣೆ. ‘ಗಾಯತ್ರಿಬಾಯಿ ಕೈರುಚಿ ಭಾಳ ಛಲೋ ಅದ’ ಎಂದು ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಪ್ರಿಯಂವದಾಬಾಯಿ ಒಬ್ಬರೇ ‘ಇವತ್ತು ನನಗ ಒಪ್ಪೊತ್ತು’ ಎಂದು ಬಾಳೆಹಣ್ಣು ತಿಂದರು. ನೀನು ನನ್ನ ಕಡೆ ನೋಡಿದೆ. ನಾನು ತಟ್ಟೆ ನೋಡಿದೆ.

ಮರುದಿನ ದಾರಿ ತೆರೆಯಿತು. ಜೋಶಿಮಠದ ಮೇಲೆ ಔಲಿಗೆ ಹೋಗುವಲ್ಲಿ ನಮ್ಮ ವ್ಯಾನು ನಿಂತಿತು. ಮುಂದೆ ಗಾಲಿಗೆ ಸರಪಳಿ ಕಟ್ಟಿದ ಜೀಪುಗಳು ಮಾತ್ರ. ಮೇಲೆ ಹಿಮ ಜೋರಾಗಿದ್ದುದರಿಂದ ಕಾವಲಿನವರು ಪ್ರಾಣೇಶ ಕೊಟ್ಟ ಪಟ್ಟಿ ಹಿಡಿದು ಹೆಸರು ಕೂಗಿ, ಕಾರ್ಡು ನೋಡಿ ಬಿಡುತ್ತಿದ್ದರು. ಹಿಂದಿರುಗುವಾಗ ಒಬ್ಬರೂ ಮೇಲೆ ಉಳಿಯಬಾರದು ಎಂದು ಆ ಏರ್ಪಾಡು. ನಿಮ್ಮ ಹೊರಬೀಡಿನ ಹಾಗೆ.

ನನ್ನ ಹೆಸರು ಕೂಗಿದರು, ಕಾರ್ಡು ತೋರಿಸಿ ಜೀಪಿನಲ್ಲಿ ಕೂತೆ. ‘ಗಾಯತ್ರಿಬಾಯಿ’ ಎಂದು ಕೂಗಿದರು. ನೀನು ಆಧಾರ್ ಕಾರ್ಡು ಕೊಟ್ಟೆ. ಕಾವಲಿನವನು ಕಾರ್ಡು ನೋಡಿದ, ಪಟ್ಟಿ ನೋಡಿದ, ನಿನ್ನ ಮುಖ ನೋಡಿದ. ‘ಗಾಯತ್ರಿ ಕೌನ್ ಹೈ?’ ಎಂದ. ಎಲ್ಲರೂ ತಿರುಗಿದರು. ನೀನು ಮಫ್ಲರು ಕೆಳಗಿಳಿಸಿ, ಮುರುಕು ಹಿಂದಿಯಲ್ಲಿ, ಕಚೇರಿಯಲ್ಲಿ ಮಾತಾಡುತ್ತಿದ್ದಷ್ಟೇ ಗಟ್ಟಿಯಾಗಿ, ‘ಗಾಯತ್ರಿ ಕೋಯೀ ನಹೀ. ಮೇರಾ ನಾಮ್ ಗಾಳೆಮ್ಮ’ ಎಂದೆ.

ಅವನು ನಿನ್ನನ್ನು ಪಕ್ಕದ ಚಹದಂಗಡಿಯ ಹತ್ತಿರ ನಿಲ್ಲಲು ಹೇಳಿದ. ಪ್ರಾಣೇಶ ಅವನ ಹಿಂದೆ ಓಡಿದ. ನಾನು ಜೀಪಿನಲ್ಲೇ ಕೂತಿದ್ದೆ. ತುಟಿ ಮರಗಟ್ಟಿತ್ತು, ಮಾತು ಹೊರಡಲಿಲ್ಲ. ಅವರ ನಿಯಮ ಅವರಿಗೆ, ಪಟ್ಟಿಯಲ್ಲಿಲ್ಲದ ಹೆಸರಿಗೆ ನಾನು ತಾನೆ ಏನು ಮಾಡಲಿ? ಕೆಳಗಿನ ಲಾಡ್ಜಿನಲ್ಲಿ ನಿನಗೊಂದು ಕೋಣೆ ಹೇಳಿ ಪ್ರಾಣೇಶ ಜೀಪು ಹತ್ತಿದ. ಹೊರಡುವಾಗ ಹಿಂದಿನ ಗಾಜಿನಲ್ಲಿ ನೋಡಿದೆ. ನೀನು ಎರಡೂ ಕೈಯಲ್ಲಿ ಚಹದ ಲೋಟ ಹಿಡಿದು ನಿಂತಿದ್ದೆ. ಒಂದು ಕೈ ಎತ್ತಿದೆ. ಹೋಗ್ರಿ ಎಂದೋ, ನಿಲ್ಲಿಸ್ರಿ ಎಂದೋ, ನನಗೆ ಇವತ್ತಿಗೂ ತಿಳಿಯದು.

ಹಿಮ ಹೇಗಿತ್ತು ಎಂದು ಪಲ್ಲವಿ ಕೇಳಿದಳು. ಬೆಳ್ಳಗಿತ್ತು, ಇನ್ನೇನು ಹೇಳಲಿ? ಹೋಟೆಲಿನ ಮುಂದೆ ಜೀಪಿನ ಗಾಲಿಗೆ ಸಿಕ್ಕು ಕೆಸರಾಗಿತ್ತು, ಆಚೆ ಎಲ್ಲ ಬೆಳ್ಳಗೆ. ಹತ್ತು ಹೆಜ್ಜೆ ಇಟ್ಟು ಜಾರಿ ಬಿದ್ದು ಒಳಗೆ ಬಂದವಳು ಎರಡು ದಿನ ಹೀಟರಿನ ಮುಂದೆಯೇ ಕೂತೆ. ಅರವತ್ತೆಂಟರ ಪ್ರಿಯಂವದಾಬಾಯಿ ಉಂಡೆ ಕಟ್ಟಿ ಎಸೆದು ಆಡಿದರು. ನನ್ನ ಕಾಲಲ್ಲಿ ನಿನ್ನ ಕಾಲುಚೀಲ ಇದ್ದವು. ನಿನ್ನದು ಅಂತ ಹಿಮ ಮೆಟ್ಟಿದ್ದು ಅವು ಮಾತ್ರ.

ಎರಡನೆಯ ದಿನ ಪ್ರಿಯಂವದಾಬಾಯಿ ಕಾಫಿ ಲೋಟ ಹಿಡಿದು ನನ್ನ ಹತ್ತಿರ ಬಂದು ಕೂತರು. ‘ನಿಮ್ಮ ಗೆಳತಿ ನಮ್ಮ ಪೈಕಿ ಅಲ್ಲ ಅಂತ ಭೂಸಾವಳ ದಾಟೋದರಾಗ ಎಲ್ಲಾರಿಗೂ ಗೊತ್ತಾಗಿತ್ತ್ರೀ ನೀರಜಾಬಾಯಿ. ನಿಮ್ಮ ಮರ್ಯಾದಿಗೆ ಸುಮ್ಮನಿದ್ವಿ. ಅದಕ್ಕ ಅಲ್ಲೇನು ಅವರನ್ನ ಪಂಕ್ತಿ ತುದಿಗೆ ಕೂಡಸ್ತಿದ್ದದ್ದು’ ಎಂದು ಮೆಲ್ಲಗೆ, ಉಪಕಾರ ಮಾಡಿದವರ ದನಿಯಲ್ಲಿ ಹೇಳಿದರು. ಆಗ ನೆನಪಾಯಿತು, ಹೌದು, ನೀನು ಪ್ರತಿ ಊಟಕ್ಕೂ ತುದಿಯಲ್ಲೇ ಇದ್ದೆ. ನಿನ್ನ ಎಲೆಯ ಆಚೆ ಎಲೆ ಇರುತ್ತಿರಲಿಲ್ಲ. ಅವರಿಗೆ ಗೊತ್ತಾಗದ ಹಾಗೆ ನಾನು ನಟಿಸಿದೆ, ಗೊತ್ತಾಗಿಲ್ಲವೆಂದು ಅವರು ನಟಿಸಿದರು. ಆ ಗುಂಪಿನಲ್ಲಿ ಗಾಯತ್ರಿಬಾಯಿಯನ್ನು ನಂಬಿಕೊಂಡು ಕೂತವಳು ನಾನೊಬ್ಬಳೇ.

ಕೆಳಗೆ ಬಂದಾಗ ನೀನಿರಲಿಲ್ಲ. ಹಿಂದಿನ ದಿನ ಬೆಳಿಗ್ಗೆಯೇ ಷೇರ್ ಜೀಪು ಹಿಡಿದು ಹೋದರು ಎಂದ ಲಾಡ್ಜಿನವನು. ನಾನು ಕೊಟ್ಟಿದ್ದ ಶಾಲನ್ನು ಇಸ್ತ್ರಿ ಮಾಡಿದ ಹಾಗೆ ಮಡಚಿ ಕೌಂಟರಿನಲ್ಲಿ ಇಟ್ಟು ಹೋಗಿದ್ದೆ. ಆ ಚಳಿಯಲ್ಲಿ, ಒಂಟಿಯಾಗಿ, ರಿಸರ್ವೇಶನ್ ಇಲ್ಲದೆ ಐದು ದಿನ ಹೇಗೆ ಬಂದೆಯೋ, ಬೋಗಿಯ ಬಾಗಿಲ ಹತ್ತಿರ ಕೂತು ಬಂದೆ ಎಂದಷ್ಟೇ ಪಲ್ಲವಿಗೆ ಹೇಳಿದ್ದೀಯಂತೆ. ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ.

ನನ್ನ ಜೊತೆ ಮತ್ತೆ ಮೊದಲಿನ ಹಾಗೆ ಇರು ಎಂದು ಕೇಳಲು ಈ ಪತ್ರ ಶುರುಮಾಡಿದೆ. ಬರೆಯುತ್ತ ಬರೆಯುತ್ತ, ಮೊದಲಿನ ಹಾಗೆ ಅಂದರೆ ಹೇಗೆ ಎಂದು ನನಗೇ ಗೊತ್ತಾಗುತ್ತಿಲ್ಲ. ಇಪ್ಪತ್ತೈದು ವರ್ಷದಲ್ಲಿ ನೀನು ನಮ್ಮ ಮನೆಗೆ ಎಷ್ಟೋ ಸಲ ಬಂದೆ, ಹಾಲಿನಲ್ಲಿ ಕೂತು ಚಹ ಕುಡಿದು ಹೋದೆ. ಅಡುಗೆಮನೆಗೆ ಬಾ ಎಂದು ನಾನು ಕರೆಯಲಿಲ್ಲ, ನೀನು ಬರಲಿಲ್ಲ. ಇದನ್ನೇ ಗೆಳೆತನ ಎಂದುಕೊಂಡು ಹೆಮ್ಮೆಪಟ್ಟಿದ್ದೆ. ಫೋನು ಎತ್ತಬೇಡ. ಬೈಯಬೇಕೆನಿಸಿದರೆ ಮಾತ್ರ ಎತ್ತು.

ಪಲ್ಲವಿಗೂ ಮೊಮ್ಮಗುವಿಗೂ ದೇವರು ಒಳ್ಳೆಯದು ಮಾಡಲಿ ಎಂದು ಬರೆಯಹೋಗಿ ತಡೆದೆ. ನೀವು ಹೇಗೆ ಹೇಳುತ್ತೀರೋ ಹಾಗೇ ಹೇಳುತ್ತೇನೆ. ಎಲ್ಲರಿಗೂ ಮಂಗಳವಾಗಲಿ. ಕೆಮ್ಮಿಗೆ ಬಿಸಿನೀರು ಬಿಡಬೇಡ, ಸಂಡೂರಿನ ಧೂಳಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಓಡಾಡಬೇಡ.

ಇಂತು,
ನೀರಜಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಪತ್ರದಲ್ಲಿ ಮೇಲೆ, ಜೀಪಿನಲ್ಲಿ ಕೂತಾಗ ತುಟಿ ಮರಗಟ್ಟಿತ್ತು, ಮಾತು ಹೊರಡಲಿಲ್ಲ ಎಂದು ಬರೆದಿದ್ದೇನೆ. ಅದು ಸುಳ್ಳು. ಆ ಸಾಲು ತಿದ್ದಬಹುದಿತ್ತು, ವೈಟ್ನರ್ ಮೇಜಿನ ಮೇಲೆಯೇ ಇದೆ. ನೀನು ನೋಡಲಿ ಎಂದು ಹಾಗೇ ಬಿಟ್ಟಿದ್ದೇನೆ.

ನೀನು ಚಹದಂಗಡಿಯ ಹತ್ತಿರ ನಿಂತಿದ್ದಾಗ ಪ್ರಾಣೇಶ ನನ್ನ ಕಿಟಕಿಗೆ ಬಂದ. ‘ಅತ್ಯಾ, ಅವರೇನೂ ಹಟ ಮಾಡವಲ್ಲರು. ಪಟ್ಟಿಯೊಳಗ ಖರೇ ಹೆಸರು ಬರೆದು, ನಮ್ಮವರು ಅಂತ ನೀವೊಂದು ಸಹಿ ಹಾಕಿದ್ರ ಬಿಡ್ತಾರಂತ. ಏನಂತ ಬರೀಲಿ?’ ಎಂದ. ಹಿಂದಿನ ಸೀಟಿನಲ್ಲಿ ಪ್ರಿಯಂವದಾಬಾಯಿ ಇದ್ದರು, ಎಲ್ಲರೂ ಇದ್ದರು. ಎರಡು ದಿನ ಅವರೆಲ್ಲರ ಮುಂದೆ ನಿನ್ನನ್ನು ನಿನ್ನ ಹೆಸರಿನಿಂದ ಕರೆಯಬೇಕಲ್ಲ ಎಂದು ಲೆಕ್ಕ ಹಾಕಿದೆ. ‘ಬ್ಯಾಡ ಬಿಡು. ಆಕಿಗೆ ದಮ್ಮಿನ ತ್ರಾಸ ಅದ, ಕೆಳಗ ಇರ್ಲಿ’ ಎಂದೆ. ಸ್ಪಷ್ಟವಾಗಿಯೇ ಎಂದೆ. ದಾರಿಯುದ್ದಕ್ಕೂ ಏದುಸಿರು ಬಿಟ್ಟವಳು ನಾನು, ನೀನಲ್ಲ.

ಪ್ರಾಣೇಶ ನಂಬದೆ ಮತ್ತೊಮ್ಮೆ ಕೇಳಿದ. ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡು, ಹಾಳೆಯನ್ನು ಜೀಪಿನ ಬಾಗಿಲಿಗೆ ಒತ್ತಿ ಹಿಡಿದು, ಬರೆಯಲು ಕಾಯುತ್ತ ನಿಂತಿದ್ದ. ನಾನು ಗಾಜು ಏರಿಸಿದೆ.